ಜಪಸರ ಹಿಡಿದ ಪತ್ತೇದಾರ: 'ಓರಿಯೆಂಟ್ ಎಕ್ಸ್‌ಪ್ರೆಸ್' ಕಥೆಯ ಕಿರುತೆರೆ ರೂಪದಲ್ಲಿ ನ್ಯಾಯ ಮತ್ತು ಕ್ಷಮೆ

ಅಗಾಥಾ ಕ್ರಿಸ್ಟಿಯವರ 'ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್' (1934) ಕಾದಂಬರಿಯ ಕೊನೆಯಲ್ಲಿ ಹರ್ಕ್ಯೂಲ್ ಪೊಯ್ರೊ ಕೊಲೆಗಾರರನ್ನು ಬಿಟ್ಟುಬಿಡುತ್ತಾನೆ. ಹಿಮದಲ್ಲಿ ಸಿಲುಕಿದ ರೈಲಿನಲ್ಲಿ ರಾಚೆಟ್ ಎಂಬ ಪ್ರಯಾಣಿಕನು ಹನ್ನೆರಡು ಇರಿತಗಳಿಂದ ಸತ್ತಿದ್ದಾನೆ. ಅವನ ನಿಜನಾಮ ಕ್ಯಾಸೆಟ್ಟಿ. ಡೇಸಿ ಆರ್ಮ್‌ಸ್ಟ್ರಾಂಗ್ ಎಂಬ ಮಗುವನ್ನು ಅಪಹರಿಸಿ, ಒತ್ತೆಹಣ ಪಡೆದು, ಆಕೆಯನ್ನು ಕೊಂದು, ನ್ಯಾಯಾಲಯದಿಂದ ನುಣುಚಿಕೊಂಡವನು ಅವನು. ಇರಿದವರು ಆ ಮಗುವಿನ ಬಂಧುಗಳು, ಸೇವಕರು, ಕುಟುಂಬದ ಆಪ್ತರು. ಪೊಯ್ರೊ ಎರಡು ವಿವರಣೆಗಳನ್ನು ಮುಂದಿಡುತ್ತಾನೆ. ಒಂದು ಸತ್ಯ, ಇನ್ನೊಂದರಲ್ಲಿ ಯಾರೋ ಅಪರಿಚಿತನು ರೈಲು ಹತ್ತಿ, ಕೊಂದು, ಇಳಿದುಹೋಗಿದ್ದಾನೆ. ಜೊತೆಗಿದ್ದವರು ಎರಡನೆಯದನ್ನೇ ಪೊಲೀಸರಿಗೆ ತಿಳಿಸೋಣವೆನ್ನುತ್ತಾರೆ, ಪೊಯ್ರೊ ಗೌರವಪೂರ್ವಕವಾಗಿ ಪ್ರಕರಣದಿಂದ ನಿವೃತ್ತನಾಗುತ್ತಾನೆ. ಕಾದಂಬರಿಯ ಕೊನೆಯ ಪುಟ ಬಹಳ ಹಗುರವಾಗಿದೆ. 1974ರ ಚಲನಚಿತ್ರವಂತೂ ಕೊಲೆಗಾರರು ಪರಸ್ಪರ ಪಾನಪಾತ್ರೆಗಳನ್ನು ತಾಕಿಸಿಕೊಳ್ಳುವುದರೊಂದಿಗೆ ಮುಗಿಯುತ್ತದೆ.

2010ರ ಕ್ರಿಸ್ಮಸ್ ದಿನದಂದು ಬ್ರಿಟನ್ನಿನ ಐಟಿವಿ ವಾಹಿನಿ ಪ್ರಸಾರ ಮಾಡಿದ ಕಿರುತೆರೆ ರೂಪಕ್ಕೆ ಈ ಹಗುರತನ ಸಹನೀಯವೆನಿಸಲಿಲ್ಲ. ಚಿತ್ರಕಥೆ ಸ್ಟುವರ್ಟ್ ಹಾರ್ಕೋರ್ಟ್ ಅವರದು, ನಿರ್ದೇಶನ ಫಿಲಿಪ್ ಮಾರ್ಟಿನ್ ಅವರದು. 1989ರಿಂದ 2013ರವರೆಗೆ ಪೊಯ್ರೊ ಪಾತ್ರವನ್ನು ನಿರ್ವಹಿಸಿದ ಡೇವಿಡ್ ಸೂಶೇ ಇಲ್ಲಿ ಜಪಸರ ಹಿಡಿದು ಪ್ರಾರ್ಥಿಸುವ ಕಥೋಲಿಕನಾಗಿದ್ದಾರೆ. ಹೋಟೆಲ್ ಕೊಠಡಿಯೊಂದರಲ್ಲಿ ಸಂತ ಪೌಲರು ರೋಮನರಿಗೆ ಬರೆದ ಪತ್ರವನ್ನೋದಿ 1986ರಲ್ಲಿ ಕ್ರೈಸ್ತ ವಿಶ್ವಾಸಕ್ಕೆ ಬಂದವರು ಅವರು. ಆ ಪತ್ರದ ಹನ್ನೆರಡನೆಯ ಅಧ್ಯಾಯದ ಕೊನೆಯಲ್ಲಿ ಪ್ರತೀಕಾರವನ್ನು ದೇವರಿಗೆ ಬಿಡಬೇಕೆಂಬ ಮಾತಿದೆ. ಹದಿಮೂರನೆಯದರ ಆರಂಭದಲ್ಲಿ ಖಡ್ಗಧಾರಿಯಾದ ಅಧಿಕಾರಿಯನ್ನು ಕುರಿತ ಮಾತಿದೆ. ಈ ಎರಡರ ನಡುವಿನ ಇಕ್ಕಟ್ಟಿನಲ್ಲೇ ಚಿತ್ರವೂ ನಿಂತಿದೆ.

ಆರಂಭದ ಪೊಯ್ರೊ ಕಾನೂನಿನ ಕಟ್ಟಾಳು. ಸುಳ್ಳು ಹೇಳಿ ಸಿಕ್ಕಿಬಿದ್ದ ಬ್ರಿಟಿಷ್ ಸೇನೆಯ ಯುವ ಅಧಿಕಾರಿಯೊಬ್ಬನು ಅವನ ಕಣ್ಣೆದುರಿಗೇ ತನ್ನನ್ನು ತಾನು ಗುಂಡಿಟ್ಟುಕೊಳ್ಳುತ್ತಾನೆ. ರಕ್ತದ ಹನಿಗಳು ಮುಖಕ್ಕೆ ಸಿಡಿದರೂ ಪೊಯ್ರೊನ ನಿಲುವು ಸಡಿಲವಾಗುವುದಿಲ್ಲ. ಇಸ್ತಾಂಬುಲ್‌ನಲ್ಲಿ ವ್ಯಭಿಚಾರದ ಆರೋಪ ಹೊತ್ತ ಹೆಂಗಸೊಬ್ಬಳನ್ನು ಜನರು ಅಟ್ಟಿಸಿಕೊಂಡು ಹೋಗಿ ಕಲ್ಲೆಸೆಯುವುದನ್ನೂ ಅವನು ನೋಡುತ್ತಾನೆ. ಮೇರಿ ಡೆಬೆನ್‌ಹ್ಯಾಮ್ ಎಂಬ ಸಹಪ್ರಯಾಣಿಕಳು ಆ ದೃಶ್ಯದಿಂದ ಕಂಗೆಟ್ಟಾಗ, ನ್ಯಾಯ ನಡೆಯುವುದನ್ನು ನೋಡುವುದು ಕಷ್ಟವೆಂಬಂತೆ ಉತ್ತರಿಸುತ್ತಾನೆ.

ಈ ಕಲ್ಲೆಸೆತ ಕಾದಂಬರಿಯಲ್ಲಿಲ್ಲ. ಯೊವಾನ್ನರ ಶುಭಸಂದೇಶದ ಎಂಟನೆಯ ಅಧ್ಯಾಯವನ್ನು ಕಥೆಯೊಳಗೆ ತರಲೆಂದೇ ಇದನ್ನು ಹೆಣೆಯಲಾಗಿದೆ. ಉದ್ದೇಶ ಒಳ್ಳೆಯದಿರಬಹುದು, ಸಾಧನ ಒಳ್ಳೆಯದಲ್ಲ. ಕಮಾಲ್ ಅತಾತುರ್ಕ್ ಅವರ ಗಣರಾಜ್ಯ 1924ರಲ್ಲೇ ಷರಿಯತ್ ನ್ಯಾಯಾಲಯಗಳನ್ನು ರದ್ದುಪಡಿಸಿತ್ತು. 1926ರಲ್ಲಿ ಸ್ವಿಟ್ಜರ್ಲೆಂಡಿನ ಮಾದರಿಯ ನಾಗರಿಕ ಸಂಹಿತೆಯನ್ನು ಜಾರಿಗೆ ತಂದಿತ್ತು. ಅಂಥ ನಗರದ ಹಾದಿಯಲ್ಲಿ 1930ರ ದಶಕದಲ್ಲಿ ಇಂತಹದೊಂದು ದೃಶ್ಯವನ್ನು ಕಲ್ಪಿಸುವುದೆಂದರೆ ನಮ್ಮ ಕರುಣೆಯನ್ನು ಎತ್ತಿ ತೋರಿಸಲು ನೆರೆಯವರ ಧರ್ಮವನ್ನು ಕಪ್ಪು ಹಿನ್ನೆಲೆಯಾಗಿ ಬಳಸಿಕೊಂಡಂತೆ. ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಚಿತ್ರಕಥೆಗಾರರಿಗೂ ಅನ್ವಯಿಸುತ್ತದೆ. ಪ್ರವಚನಪೀಠದಲ್ಲಿ ಇದೇ ಯೊವಾನ್ನರ ಭಾಗವನ್ನು ವಿವರಿಸುವಾಗ ಫರಿಸಾಯರನ್ನು ಇದೇ ರೀತಿ ಬಳಸಿಕೊಳ್ಳುವ ಅಭ್ಯಾಸ ನಮ್ಮಲ್ಲಿಯೂ ಇಲ್ಲದಿಲ್ಲ.

ಚಿತ್ರದ ಅತ್ಯಂತ ಧೈರ್ಯದ ಭಾಗವೆಂದರೆ ರೈಲಿನೊಳಗಿನ ಪ್ರಾರ್ಥನೆ. ಒಂದು ಕೋಣೆಯಲ್ಲಿ ಪೊಯ್ರೊ ಪ್ರಾರ್ಥಿಸುತ್ತಿದ್ದಾನೆ, ಮತ್ತೊಂದರಲ್ಲಿ ರಾಚೆಟ್. ಎರಡೂ ದೃಶ್ಯಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಮಗುವನ್ನು ಕೊಂದವನು ದೇವರನ್ನು ಬೇಡುತ್ತಿದ್ದಾನೆ! ಕ್ರಿಸ್ಟಿಯವರ ರಾಚೆಟ್ ಕಾಡುಮೃಗದಂತಹವನು; ಅವನು ಸತ್ತನೆಂದು ಓದುಗನಿಗೆ ಕಿಂಚಿತ್ತೂ ನೋವಾಗದು. ಟೋಬಿ ಜೋನ್ಸ್ ಅಭಿನಯಿಸಿದ ಈ ರಾಚೆಟ್ ಹೆದರಿದ್ದಾನೆ, ಕ್ಷಮೆ ಬೇಡುವ ಆತ್ಮವೊಂದು ಅವನೊಳಗಿದೆ. ಹಾಗಾದರೆ ಆ ಹನ್ನೆರಡು ಮಂದಿ ಪಶ್ಚಾತ್ತಾಪದ ಹಾದಿಯಲ್ಲಿದ್ದವನೊಬ್ಬನನ್ನು ಕೊಂದರೇ? ಟ್ರೆಂಟ್ ಮಹಾಸಭೆಯು 1551ರಲ್ಲಿ ಹೇಳಿದಂತೆ ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ ಈ ಮೂರೂ ಸಂಸ್ಕಾರಕ್ಕೆ ಬೇಕು. ಸುಳ್ಳು ಹೆಸರಿನಲ್ಲಿ ಬದುಕುತ್ತಿರುವ ರಾಚೆಟ್ ಇನ್ನೂ ದೂರದಲ್ಲಿದ್ದಾನೆ, ನಿಜ. ಆದರೂ ಮರಣದ ಗಳಿಗೆಯವರೆಗೆ ಆ ಬಾಗಿಲನ್ನು ಮುಚ್ಚುವ ಅಧಿಕಾರ ಯಾರಿಗೂ ಇಲ್ಲ. ವ್ಯಕ್ತಿಯಿಂದ ಸ್ವವಿಮೋಚನೆಯ ಸಾಧ್ಯತೆಯನ್ನು ಕಿತ್ತುಕೊಳ್ಳಬಾರದೆಂಬ ಕಾಳಜಿಯೂ ಸೇರಿಯೇ 2018ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಧರ್ಮೋಪದೇಶ ಗ್ರಂಥದ 2267ನೆಯ ಕಂಡಿಕೆಯನ್ನು ತಿದ್ದಿ, ಮರಣದಂಡನೆ ಸ್ವೀಕಾರಾರ್ಹವಲ್ಲವೆಂದು ಸ್ಪಷ್ಟಪಡಿಸಿದರು. ರಾಜ್ಯಕ್ಕೇ ಸಲ್ಲದ್ದು ರೈಲಿನ ಹನ್ನೆರಡು ಪ್ರಯಾಣಿಕರಿಗೆ ಸಲ್ಲುವುದು ಹೇಗೆ? ಸಂತ ಥಾಮಸ್ ಅಕ್ವಿನಾಸರು ಮರಣದಂಡನೆಯನ್ನು ಒಪ್ಪಿದ್ದವರು. ಆದರೂ ಅಪರಾಧಿಯನ್ನು ಖಾಸಗಿ ವ್ಯಕ್ತಿ ಕೊಲ್ಲುವಂತಿಲ್ಲವೆಂದೇ ಅವರ ತೀರ್ಮಾನ. ಆದರೆ ಚಿತ್ರವು ರಾಚೆಟ್‌ನ ಪ್ರಾರ್ಥನೆಯನ್ನು ತೋರಿಸಿ ಅಲ್ಲಿಗೇ ಮರೆತುಬಿಡುತ್ತದೆ. ಸತ್ಯ ಹೊರಬಿದ್ದಾಗ ಕೊಲೆಗಾರರು ಪಾಪವಿಲ್ಲದವನೇ ಮೊದಲ ಕಲ್ಲೆಸೆಯಲೆಂಬ ವಾಕ್ಯವನ್ನು ತಮ್ಮ ಸಮರ್ಥನೆಗೇ ಬಳಸಿಕೊಳ್ಳುತ್ತಾರೆ: ನಾವು ನಿಷ್ಪಾಪಿಗಳಾಗಿದ್ದೆವು, ಆದ್ದರಿಂದ ಎಸೆದೆವು ಎಂಬ ಧಾಟಿ. ಶುಭಸಂದೇಶದ ಮಾತು ಇಷ್ಟು ತಲೆಕೆಳಗಾಗುವುದನ್ನು ತೆರೆಯ ಮೇಲೆ ನಾನು ಬೇರೆಲ್ಲೂ ಕಂಡಿಲ್ಲ. ಬರೆದವರಿಗೆ ಅದರ ಭೀಕರತೆ ತಿಳಿದಿತ್ತೆಂದೇ ನನ್ನ ಊಹೆ, ಏಕೆಂದರೆ ಪೊಯ್ರೊನ ಸಿಟ್ಟು ಅಲ್ಲಿ ಸ್ಫೋಟಿಸುತ್ತದೆ. ಕಾನೂನು ಬಿದ್ದರೆ ಅದನ್ನೆತ್ತಿ ಇನ್ನೂ ಮೇಲಕ್ಕೆ ಹಿಡಿಯಬೇಕೆಂದು ಅವನು ಗುಡುಗುತ್ತಾನೆ.

ಮುಂದೆ ಅವನು ಬದಲಾಗುವುದೇಕೆ? ಕರ್ನಲ್ ಆರ್ಬತ್‌ನಾಟ್ ಪೊಯ್ರೊನನ್ನೂ ಕೊಂದು ಸತ್ಯವನ್ನು ಹೂಳಲು ಹೊರಟಾಗ ಮೇರಿ ತಡೆಯುತ್ತಾಳೆ. ಹಾಗೆ ಮಾಡಿದರೆ ತಮಗೂ ಪಾತಕಿಗಳಿಗೂ ವ್ಯತ್ಯಾಸವಿರದೆಂದು ಬೇಡಿಕೊಳ್ಳುತ್ತಾಳೆ. ಮೊದಲ ಕೊಲೆಯ ಒಡಲಿನಿಂದಲೇ ಎರಡನೆಯದು ಹುಟ್ಟುತ್ತದೆಂದು ಅವರಲ್ಲೊಬ್ಬರಿಗೆ ಕಾಣುವುದು ಇದೇ ಮೊದಲು. ಮನಃಪರಿವರ್ತನೆಯ ಬೀಜ ಅಲ್ಲಿದೆ, ಬೀಜ ಮಾತ್ರ. ಯಾರೂ ಕೊಲೆಯನ್ನು ಕುರಿತು ದುಃಖಿಸುವುದಿಲ್ಲ. ಮುಂಜಾನೆ ಪೊಯ್ರೊ ಯುಗೋಸ್ಲಾವಿಯದ ಪೊಲೀಸರಿಗೆ ಸುಳ್ಳು ವಿವರಣೆಯನ್ನೇ ಕೊಟ್ಟು, ಜಪಸರವನ್ನು ಹಿಡಿದು, ಅಳುತ್ತಾ ಹಿಮದಲ್ಲಿ ನಡೆದುಹೋಗುತ್ತಾನೆ.

ಈ ಅಂತ್ಯವನ್ನು ಪಾಪನಿವೇದನೆಯ ಪ್ರತಿಮೆಯಾಗಿ ಓದುವ ಆಸೆ ಗುರುಅಭ್ಯರ್ಥಿಗಳಿಗೆ ಸಹಜ. ಕತ್ತಲೆ, ಚಳಿ, ಒಬ್ಬೊಬ್ಬರಾಗಿ ಎದುರು ಕುಳಿತು ಬಾಯಿಬಿಡುವ ಜನ, ಕೊನೆಗೆ ಎಲ್ಲರ ಪಾಪವನ್ನು ಎದೆಯಲ್ಲಿ ಹೂತಿಟ್ಟುಕೊಂಡು ಹೊರಡುವ ಏಕಾಂಗಿ ಪುರುಷ. ಈ ಓದನ್ನು ನಾನು ಒಪ್ಪಲಾರೆ. ಧರ್ಮಸಭೆಯ ಕಾನೂನು ಸಂಹಿತೆಯ 983ನೆಯ ವಿಧಿ ಉಲ್ಲಂಘಿಸಲಾಗದ್ದೆಂದು ಸಾರುವ ಗೌಪ್ಯಮುದ್ರೆ ಕಾಪಾಡುವುದು ತಾನಾಗಿ ಬಂದು ನಿವೇದಿಸಿಕೊಂಡವನನ್ನು. ಆ ಹನ್ನೆರಡು ಮಂದಿ ನಿವೇದಿಸಲಿಲ್ಲ, ಸಿಕ್ಕಿಬಿದ್ದರು. ಗುರು ಮೌನವಾಗಿರುತ್ತಾನೆ; ಪೊಯ್ರೊ ಸುಳ್ಳು ನುಡಿಯುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಗುರುವು ಪಾಪವನ್ನು ಪಾಪವೆಂದು ಕರೆದ ಮೇಲೆಯೇ ಕ್ಷಮಾದಾನದ ಮಾತನ್ನಾಡುತ್ತಾನೆ. ಯೊವಾನ್ನರ ಶುಭಸಂದೇಶದ ಆ ಹೆಂಗಸಿಗೂ ಯೇಸು ಎರಡು ಮಾತು ಹೇಳಿದರು: ನಾನೂ ನಿನ್ನನ್ನು ಖಂಡಿಸುವುದಿಲ್ಲ ಎಂಬುದೊಂದು, ಇನ್ನು ಪಾಪ ಮಾಡಬೇಡ ಎಂಬುದಿನ್ನೊಂದು. ಈ ಎರಡನೆಯ ಮಾತನ್ನು ಆ ರೈಲಿನಲ್ಲಿ ಹೇಳುವವರಿಲ್ಲ. ಕಾನೂನಿನಿಂದ ಕರುಣೆಗೆ ದಾಟಿದನೆಂದು ಪೊಯ್ರೊನನ್ನು ಮೆಚ್ಚಿಕೊಳ್ಳುವವರು ಅಕ್ವಿನಾಸರು ಕರುಣೆಯನ್ನು ನ್ಯಾಯದ ಪೂರ್ಣತೆಯೆಂದು ಕರೆದುದನ್ನು ನೆನೆಯಬೇಕು. ಶಿಕ್ಷೆಯನ್ನು ಮನ್ನಿಸುವ ಅಧಿಕಾರವನ್ನು ಅವರು ಕೆಳಗಿನ ನ್ಯಾಯಾಧೀಶನಿಗೂ ಕೊಡಲಿಲ್ಲ. ಪೊಯ್ರೊ ಅಷ್ಟೂ ಅಲ್ಲ. ಅವನು ಕೇವಲ ಸಾಕ್ಷಿ.

ಆದರೂ ಈ ಚಿತ್ರವನ್ನು ನೈತಿಕ ದೈವಶಾಸ್ತ್ರದ ತರಗತಿಗೆ ನಾನು ಶಿಫಾರಸು ಮಾಡುತ್ತೇನೆ, ಅದೂ ಆ ಕಣ್ಣೀರಿಗಾಗಿ. ಪಾನಪಾತ್ರೆಗಳ ಸದ್ದಿನಲ್ಲಿ ಮುಗಿಯುವ ಕಥೆಗೆ ಅಂತಃಸಾಕ್ಷಿಯ ಗೊಡವೆಯಿಲ್ಲ. ಸೂಶೇ ಅವರ ಮುಖದಲ್ಲಿ ತಾನು ಮಾಡಿದ್ದು ಸರಿಯೋ ತಪ್ಪೋ ಎಂಬುದು ಇತ್ಯರ್ಥವಾಗಿಲ್ಲ. ಆ ನಡಿಗೆಗೆ ಹಿನ್ನೆಲೆಯಾಗಿ ಒಂದು ಸಮಾಧಾನದ ಮಾತನ್ನೂ ಚಿತ್ರಕಥೆ ಕೊಟ್ಟಿಲ್ಲ. ಅದು ಪ್ರಾಮಾಣಿಕತೆ.

ಮೂರು ವರ್ಷಗಳ ನಂತರ, 2013ರಲ್ಲಿ, ಇದೇ ಸರಣಿಯ ಕೊನೆಯ ಕಂತಾದ 'ಕರ್ಟನ್' ಪ್ರಸಾರವಾಯಿತು. ಅದರಲ್ಲಿ ಕಾನೂನಿನ ಕೈಗೆ ಸಿಗದವನೊಬ್ಬನನ್ನು ಪೊಯ್ರೊ ತಾನೇ ಕೊಲ್ಲುತ್ತಾನೆ. ಬಳಿಕ ತನ್ನ ಔಷಧಿಯನ್ನು ದೂರವಿಟ್ಟು, ಜಪಸರ ಹಿಡಿದು, ದೇವರಲ್ಲಿ ಕ್ಷಮೆ ಬೇಡುತ್ತಾ ರಾತ್ರಿ ಒಬ್ಬನೇ ಸಾಯುತ್ತಾನೆ. ಗುರುವಿಗೆ ಹೇಳಿಕಳುಹಿಸಬೇಕೆಂದು ಅಲ್ಲಿ ಯಾರಿಗೂ, ಅವನಿಗೂ, ಹೊಳೆಯುವುದಿಲ್ಲ.