ಗಲ್ಲಾಪೆಟ್ಟಿಗೆಯ ಹಿಂದಿನ ವಾಗ್ಮಿಗಳು

ಕೆವಿನ್ ಸ್ಮಿತ್ ಎಂಬ ಅಮೆರಿಕದ ತರುಣನು 1994ರಲ್ಲಿ ಲೋಕದ ಮುಂದಿಟ್ಟ ‘ಕ್ಲರ್ಕ್ಸ್’ ಚಿತ್ರದ ವಿಷಯದಲ್ಲಿ ತಟಸ್ಥರಾಗಿ ಉಳಿದವರು ವಿರಳ. ಮೊದಲ ಕಾಲು ಗಂಟೆಯಲ್ಲಿಯೇ ಕಿವಿ ಮುಚ್ಚಿಕೊಂಡು ಎದ್ದುಹೋಗುವವರದು ಒಂದು ಪಂಗಡ. ಸಂಭಾಷಣೆಯನ್ನೆಲ್ಲ ಕಂಠಪಾಠ ಮಾಡಿಕೊಂಡು, ಸಂದರ್ಭ ಒದಗಿದಲ್ಲಿಯೂ ಒದಗದಲ್ಲಿಯೂ ಒಪ್ಪಿಸುತ್ತ, ಜೊತೆಯಲ್ಲಿರುವವರ ಸಹನೆಯನ್ನು ಪರೀಕ್ಷಿಸುವವರದು ಇನ್ನೊಂದು. ಕಥೆಯೆಂಬುದಿಲ್ಲ, ನಟನೆಯೆಂಬುದಿಲ್ಲ, ಕಣ್ಣಿಗೆ ತಂಪೆನಿಸುವ ಒಂದು ನೋಟವಿಲ್ಲ, ಆದಿಯಿಂದ ಅಂತ್ಯದವರೆಗೆ ಪೋಲಿ ಮಾತಿನ ಹೊನಲು ಮಾತ್ರ ಉಂಟು ಎಂಬುದು ಮೊದಲಿನವರ ದೂರು. ಬದುಕು ಇರುವುದೇ ಹೀಗೆ, ಅಂಗಡಿ ಕಾಯುವ ಹುಡುಗರು ಮಾತಾಡುವುದೇ ಹೀಗೆ, ಇಷ್ಟು ನಿಜವಾದ ಚಿತ್ರ ಮತ್ತೊಂದಿಲ್ಲ ಎಂಬುದು ಎರಡನೆಯವರ ಪ್ರತಿವಾದ. ಮೂವತ್ತು ವರ್ಷ ಕಳೆದರೂ ಈ ವ್ಯಾಜ್ಯ ಇತ್ಯರ್ಥವಾಗಿಲ್ಲ. ನನಗೆ ಈ ಚಿತ್ರ ಪ್ರಿಯವಾದುದು. ಆದರೆ ಅದನ್ನು ಮೆಚ್ಚುವವರು ಮುಂದೊಡ್ಡುವ ಕಾರಣವು, ಹಳಿಯುವವರು ಹೊರಿಸುವ ಆರೋಪದಷ್ಟೇ ಅಸಂಗತವೆಂಬುದು ನನ್ನ ಅಭಿಪ್ರಾಯ.

ಚಿತ್ರ ಹುಟ್ಟಿದ ಬಗೆಯನ್ನು ಮೊದಲು ಹೇಳಬೇಕು. ನ್ಯೂಜೆರ್ಸಿ ಪ್ರಾಂತದ ಲಿಯೊನಾರ್ಡೊ ಎಂಬ ಊರಿನ ‘ಕ್ವಿಕ್ ಸ್ಟಾಪ್’ ಎಂಬ ದಿನಸಿ ಅಂಗಡಿಯಲ್ಲಿ ಸ್ಮಿತ್ ನೌಕರನಾಗಿದ್ದನು. ತನ್ನ ಇಪ್ಪತ್ತೊಂದನೆಯ ಹುಟ್ಟುಹಬ್ಬದ ದಿನ ನ್ಯೂಯಾರ್ಕಿಗೆ ಹೋಗಿ, ರಿಚರ್ಡ್ ಲಿಂಕ್‌ಲೇಟರನ ‘ಸ್ಲ್ಯಾಕರ್’ ಎಂಬ, ಟೆಕ್ಸಸ್ಸಿನ ಆಸ್ಟಿನ್ ಪಟ್ಟಣದ ಉಂಡಾಡಿಗಳ ಹರಟೆಯ ಹೊರತು ಬೇರೇನೂ ಇಲ್ಲದ ಚಿತ್ರವನ್ನು ನೋಡಿ, ಇದು ಚಿತ್ರವೆನಿಸುವುದಾದರೆ ನಾನೂ ಒಂದು ಮಾಡಬಲ್ಲೆನೆಂದು ನಿಶ್ಚಯಿಸಿದನಂತೆ. ವ್ಯಾಂಕೂವರಿನ ಚಲನಚಿತ್ರ ಶಾಲೆಯನ್ನು ಸೇರಿ, ವಿದ್ಯೆ ಮುಗಿಯುವ ಮೊದಲೇ ಅಲ್ಲಿಂದ ಹೊರಬಿದ್ದು, ಸಂಗ್ರಹಿಸಿಟ್ಟಿದ್ದ ಕಾಮಿಕ್ ಪುಸ್ತಕಗಳನ್ನು ಮಾರಿ, ಹಲವು ಕ್ರೆಡಿಟ್ ಕಾರ್ಡುಗಳ ಮಿತಿಯನ್ನೆಲ್ಲ ಬರಿದು ಮಾಡಿ ಕೂಡಿಸಿದ 27,575 ಡಾಲರುಗಳಲ್ಲಿ, ಹದಿನಾರು ಮಿಲಿಮೀಟರಿನ ಕಪ್ಪುಬಿಳುಪು ಫಿಲ್ಮಿನ ಮೇಲೆ, 1993ರಲ್ಲಿ ಅದೇ ಅಂಗಡಿಯಲ್ಲಿಯೇ ಇದನ್ನು ಚಿತ್ರಿಸಿದನು. ಹಗಲೆಲ್ಲ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಸಿಗರೇಟು, ಹಾಲು ಮಾರುವುದು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬೆಳಗಿನ ಜಾವದವರೆಗೆ ಕ್ಯಾಮೆರಾದ ಹಿಂದೆ ನಿಲ್ಲುವುದು. ಕಥೆ ನಡೆಯುವುದು ಹಗಲಿನಲ್ಲಿ, ಚಿತ್ರೀಕರಣ ನಡೆಯುತ್ತಿದ್ದುದು ನಡುರಾತ್ರಿಯಲ್ಲಿ. ಕಿಟಕಿಯ ಹೊರಗಿನ ಕತ್ತಲೆಯನ್ನು ಮರೆಮಾಡುವುದಕ್ಕಾಗಿ, ಯಾವನೋ ಕಿಡಿಗೇಡಿ ಬೀಗದ ಕಿಂಡಿಗೆ ಚೂಯಿಂಗ್ ಗಮ್ ತುರುಕಿದ್ದರಿಂದ ಕಬ್ಬಿಣದ ಷಟರುಗಳು ಏಳಲೇ ಇಲ್ಲವೆಂಬ ಪ್ರಸಂಗವನ್ನು ಕಥೆಯೊಳಕ್ಕೆ ಸೇರಿಸಬೇಕಾಯಿತು. ಅಂಗಡಿ ತೆರೆದಿದೆಯೆಂದು ಗಿರಾಕಿಗಳನ್ನು ನಂಬಿಸಲು ನಾಯಕನು ಹಾಸಿಗೆಯ ಹೊದಿಕೆಯೊಂದರ ಮೇಲೆ ಬೂಟ್ ಪಾಲಿಷಿನಿಂದ ದಪ್ಪಕ್ಷರಗಳಲ್ಲಿ ಬರೆದು ತೂಗುಹಾಕುವ ಫಲಕವು ಹೀಗೆ ಬಡತನದ ಉಪಾಯವಾಗಿ ಹುಟ್ಟಿ, ಚಿತ್ರದ ಅತ್ಯಂತ ಪ್ರಸಿದ್ಧವಾದ ಹಾಸ್ಯವಸ್ತುವಾಗಿ ಪರಿಣಮಿಸಿತು.

ಕಥೆಯನ್ನು ಎರಡು ವಾಕ್ಯಗಳಲ್ಲಿ ಮುಗಿಸಬಹುದು. ರಜೆಯ ದಿನವಾದರೂ ಯಜಮಾನನ ಕರೆಗೆ ಓಗೊಟ್ಟು ಕೆಲಸಕ್ಕೆ ಬಂದ ಡ್ಯಾಂಟೆ ಎಂಬ ಇಪ್ಪತ್ತೆರಡರ ಯುವಕನು ದಿನವಿಡೀ ಗೊಣಗುತ್ತಾನೆ. ಪಕ್ಕದ ವಿಡಿಯೋ ಕ್ಯಾಸೆಟ್ ಅಂಗಡಿಯ ರಾಂಡಲ್ ಎಂಬ ಅವನ ಗೆಳೆಯನು, ತನ್ನ ಅಂಗಡಿಯ ಬಾಗಿಲನ್ನು ಮನಬಂದಂತೆ ಮುಚ್ಚಿಬಂದು, ಗಿರಾಕಿಗಳನ್ನು ಅವಮಾನಿಸುತ್ತ ಗೆಳೆಯನ ಪ್ರೇಮವನ್ನೂ ಉದ್ಯೋಗವನ್ನೂ ಕೆಡಿಸುತ್ತಾನೆ. ನಡುವೆ ಮಾಡಿನ ಮೇಲೆ ಹಾಕಿ ಆಟ, ಒಂದು ಶವಸಂಸ್ಕಾರ, ಒಂದು ಮಾರಾಮಾರಿ. ಹೊರಗಿನ ಗೋಡೆಗೊರಗಿ ಗಾಂಜಾ ಮಾರುವ ಜೇ ಎಂಬ ಬಾಯಿಬಡುಕನೂ, ಸ್ವತಃ ಸ್ಮಿತ್ ವೇಷ ಹಾಕಿರುವ ಸೈಲೆಂಟ್ ಬಾಬ್ ಎಂಬ ಮೌನಿಯೂ ಉಂಟು.

ಇನ್ನು ಅಶ್ಲೀಲತೆಯ ಮಾತು. ಈ ಚಿತ್ರದಲ್ಲಿ ನಗ್ನತೆಯಿಲ್ಲ, ರಕ್ತಪಾತವಿಲ್ಲ. ಆದರೂ ಅಮೆರಿಕದ ಚಿತ್ರ ವರ್ಗೀಕರಣ ಮಂಡಲಿಯು ಕೇವಲ ಸಂಭಾಷಣೆಯ ಕಾರಣದಿಂದ ಇದಕ್ಕೆ ಎನ್‌ಸಿ-17 ಎಂಬ ಅತ್ಯಂತ ಕಠಿಣವಾದ ಮುದ್ರೆಯನ್ನೊತ್ತಿತು. ಹಂಚಿಕೆಯ ಹಕ್ಕು ಪಡೆದಿದ್ದ ಮಿರಾಮ್ಯಾಕ್ಸ್ ಸಂಸ್ಥೆಯವರು ಪ್ರಖ್ಯಾತ ನ್ಯಾಯವಾದಿ ಅಲನ್ ಡರ್ಷೊವಿಟ್ಸರನ್ನು ಮುಂದಿಟ್ಟುಕೊಂಡು ಮೇಲ್ಮನವಿ ಸಲ್ಲಿಸಿ, ಒಂದು ಮಾತನ್ನೂ ಕತ್ತರಿಸದೆ ಆರ್ ದರ್ಜೆಯನ್ನು ಪಡೆದರು. ಕಾಣದ ವಸ್ತು, ಕೇವಲ ಕೇಳಿಸಿದ ಮಾತ್ರಕ್ಕೆ, ಅಧಿಕಾರಸ್ಥರನ್ನು ಇಷ್ಟು ಕಂಗೆಡಿಸಿತೆಂಬುದು ಸಾಮಾನ್ಯ ಸಂಗತಿಯಲ್ಲ. ಒಂದು ಪ್ರಸಂಗವನ್ನು ನೋಡಿ: ಎಳೆಯ ಮಗುವನ್ನು ಕರೆದುಕೊಂಡು ಬಂದ ತಾಯಿಯೊಬ್ಬಳು ಮಕ್ಕಳ ಚಿತ್ರವೊಂದನ್ನು ಕೇಳುತ್ತಾಳೆ, ರಾಂಡಲನು ಅವಳೆದುರಿಗೇ ದೂರವಾಣಿಯನ್ನೆತ್ತಿ, ಅಂಗಡಿಗೆ ತರಿಸಬೇಕಾದ ನೀಲಿಚಿತ್ರಗಳ ಹೆಸರುಗಳನ್ನು, ಒಂದಕ್ಕಿಂತ ಒಂದು ಹೇಸಿಗೆಯಾದವುಗಳನ್ನು, ಸಂಕಲ್ಪ ಹೇಳುವ ಪುರೋಹಿತರ ನಿರ್ವಿಕಾರತೆಯಿಂದ ಸಾಲಾಗಿ ಓದುತ್ತಾನೆ. ಅಲ್ಲಿ ನಗೆ ಹುಟ್ಟುವುದು ಹೆಸರುಗಳಿಂದಲ್ಲ, ಆ ಧ್ವನಿಯ ಸಮತೆಯಿಂದ. ಇದನ್ನು ಸಹಿಸದವರನ್ನು ನಾನು ದೂರುವವನಲ್ಲ. ಸಹಿಸಿದವರು ಅದರ ಲಯವನ್ನು ಗಮನಿಸಿದ್ದಾರೆಯೆ ಎಂಬ ಸಂದೇಹ ಮಾತ್ರ ನನ್ನದು.

ನಮ್ಮ ಆಲಂಕಾರಿಕರು ಗ್ರಾಮ್ಯತೆಯನ್ನು ಕಾವ್ಯದೋಷಗಳಲ್ಲಿ ಒಂದೆಂದು ಎಣಿಸಿ, ಆದರೆ ಅಧಮ ಪಾತ್ರಗಳ ಬಾಯಲ್ಲಿ ಅದು ದೋಷವಾಗದೆ ಗುಣವೇ ಆಗುವುದೆಂದು ಉದಾರವಾಗಿ ವಿನಾಯಿತಿ ಕೊಟ್ಟಿದ್ದಾರೆ. ಚಿತ್ರದ ಅಭಿಮಾನಿಗಳು, ತಿಳಿದೋ ತಿಳಿಯದೆಯೋ, ಆಶ್ರಯಿಸುವುದು ಈ ವಿನಾಯಿತಿಯನ್ನೇ: ಇಂಥವರು ಇಂಥ ಮಾತನ್ನೇ ಆಡುವರು, ಆದ್ದರಿಂದ ಇದು ಔಚಿತ್ಯವೆನ್ನುತ್ತಾರೆ. ಆದರೆ ಯಾವ ಅಂಗಡಿಯ ಯಾವ ಹುಡುಗ ಹೀಗೆ ಮಾತಾಡಿದ್ದಾನೆ? ಇಲ್ಲಿನ ಮಾತು ತಡವರಿಸುವುದಿಲ್ಲ, ಅರ್ಧಕ್ಕೆ ನಿಲ್ಲುವುದಿಲ್ಲ, ಪದಕ್ಕಾಗಿ ಹುಡುಕುವುದಿಲ್ಲ. ಪೂರ್ವಪಕ್ಷ, ಆಕ್ಷೇಪ, ಸಮಾಧಾನವೆಂದು ಕ್ರಮವಾಗಿ ಏರಿ, ಸಿದ್ಧಾಂತದಲ್ಲಿ ಮುಗಿಯುತ್ತದೆ. ಇದು ಬೀದಿಯ ಭಾಷೆಯಲ್ಲ, ಬೀದಿಯ ಸಾಮಗ್ರಿಯಿಂದ ಕಟ್ಟಿದ ಗ್ರಾಂಥಿಕ ಭಾಷೆ. ಸಂಸ್ಕೃತದ ಭಾಣಗಳಲ್ಲಿ ಊರಲೆಯುವ ವಿಟನೊಬ್ಬನು ವೇಶ್ಯಾವಾಟಿಕೆಯ ಸಮಸ್ತ ಹೊಲಸನ್ನೂ ಅತ್ಯಂತ ಸುಸಂಸ್ಕೃತವಾದ ಗದ್ಯದಲ್ಲಿ ಬಣ್ಣಿಸುವಾಗ ಸಿಗುವ ವಿಚಿತ್ರ ಸುಖವುಂಟಷ್ಟೆ. ‘ಕ್ಲರ್ಕ್ಸ್’ ಚಿತ್ರವು ಆ ಜಾತಿಗೆ ಸೇರಿದುದು. ವಿಟನನ್ನು ಯಾರೂ ವಾಸ್ತವವಾದಿಯೆಂದು ಹೊಗಳಲಿಲ್ಲ.

ಇದಕ್ಕೆ ನಿದರ್ಶನ ಬೇಕಾದರೆ, ‘ಸ್ಟಾರ್ ವಾರ್ಸ್’ ಚಿತ್ರಮಾಲೆಯ ಡೆತ್ ಸ್ಟಾರ್ ಎಂಬ ಬಾಹ್ಯಾಕಾಶ ಯುದ್ಧನೆಲೆಯ ಕುರಿತ ಚರ್ಚೆಯನ್ನು ನೋಡಬೇಕು. ಮೊದಲನೆಯ ಡೆತ್ ಸ್ಟಾರ್ ಸಿಡಿದಾಗ ಸತ್ತವರು ಸಾಮ್ರಾಜ್ಯದ ಸೈನಿಕರು, ಅದಕ್ಕೆ ಮರುಗಬೇಕಾಗಿಲ್ಲ. ಎರಡನೆಯದು ಇನ್ನೂ ಕಟ್ಟಡದ ಹಂತದಲ್ಲಿತ್ತು, ಅಲ್ಲಿ ಕೊಳಾಯಿಯವರೂ ಛಾವಣಿಯವರೂ, ಗುತ್ತಿಗೆಯ ಮೇಲೆ ಬಂದ ನಿರಪರಾಧಿ ಕೂಲಿಗಳೂ ಇದ್ದಿರಬೇಕಲ್ಲವೆ, ಅವರ ಸಾವಿಗೆ ಹೊಣೆ ಯಾರು ಎಂದು ರಾಂಡಲನು ಕೇಳುತ್ತಾನೆ. ಅಷ್ಟರಲ್ಲಿ ಸಾಮಾನು ಕೊಳ್ಳಲು ಬಂದ ಗಿರಾಕಿಯೊಬ್ಬನು, ತಾನೇ ಛಾವಣಿಯ ಗುತ್ತಿಗೆದಾರನೆಂದು ಹೇಳಿಕೊಂಡು ಮಧ್ಯೆ ಪ್ರವೇಶಿಸುತ್ತಾನೆ: ಕುಖ್ಯಾತನಾದ ಪಾತಕಿಯೊಬ್ಬನ ಮನೆಯ ಕೆಲಸ ತನಗೆ ಬಂದಿತ್ತು, ದುಪ್ಪಟ್ಟು ಹಣ ಸಿಗುತ್ತಿತ್ತು, ತಾನು ಬೇಡವೆಂದು ಗೆಳೆಯನಿಗೆ ದಾಟಿಸಿದೆ, ಎದುರಾಳಿಗಳ ಗುಂಡಿಗೆ ಅವನು ಬಲಿಯಾದ, ಕೆಲಸಗಾರನಾದವನು ಕೆಲಸವನ್ನು ಒಪ್ಪುವಾಗ ಹಣದ ಚೀಲದ ಮಾತನ್ನಲ್ಲ, ಹೃದಯದ ಮಾತನ್ನು ಕೇಳಬೇಕು ಎಂದು ಹೇಳಿ, ತನ್ನ ಸಾಮಾನು ತೆಗೆದುಕೊಂಡು ಹೊರಟುಹೋಗುತ್ತಾನೆ. ಬಾಡಿಗೆ ಕೆಲಸಗಾರನ ಧರ್ಮಾಧರ್ಮಗಳ ಜಿಜ್ಞಾಸೆಯೊಂದು ಇಷ್ಟು ಹಗುರವಾಗಿ, ಇಷ್ಟು ತರ್ಕಶುದ್ಧವಾಗಿ, ಚಿಲ್ಲರೆ ಎಣಿಸುವ ಹೊತ್ತಿನಲ್ಲಿ ನಡೆದುಹೋಗುತ್ತದೆ. ಕೂಲಿಗಾಗಿ ನಿಂತ ಇಬ್ಬರೆದುರು ನಡೆಯುವ ಈ ವಿಚಾರಣೆಯಲ್ಲಿ ಪೋಲಿತನವೆಂಬುದು ಲವಲೇಶವೂ ಇಲ್ಲ. ಚಿತ್ರವನ್ನು ಹಳಿಯುವವರು ಬಹುಶಃ ಇಷ್ಟರೊಳಗೆ ಎದ್ದುಹೋಗಿರುತ್ತಾರೆ.

ಕೃತಿಕಾರನು ತನ್ನ ಗ್ರಾಂಥಿಕತೆಯನ್ನು ಬಚ್ಚಿಟ್ಟವನೂ ಅಲ್ಲ. ನಾಯಕನ ಹೆಸರು ನರಕವನ್ನು ಹಾಡಿದ ಇಟಲಿಯ ಮಹಾಕವಿಯದು. ಅಧ್ಯಾಯಗಳ ನಡುವೆ ಕಪ್ಪು ಪರದೆಯ ಮೇಲೆ ಮೂಡುವ ಶೀರ್ಷಿಕೆಗಳು ನಿಘಂಟಿನಿಂದ ಹೆಕ್ಕಿ ತೆಗೆದ ಘನ ಗಂಭೀರ ಪದಗಳು: ಸಿಂಟ್ಯಾಕ್ಸ್, ಪರ್ಗೇಶನ್, ಪ್ಯಾರಡೈಮ್, ಕೆಥಾರ್ಸಿಸ್. ನಟರಲ್ಲಿ ಹೆಚ್ಚಿನವರು ಊರಿನ ಗೆಳೆಯರು; ಡ್ಯಾಂಟೆಯಾಗಿ ಬ್ರಯನ್ ಒ’ಹ್ಯಾಲೊರನ್ ಸ್ಥಳೀಯ ರಂಗಭೂಮಿಯಿಂದ ಬಂದವನು, ರಾಂಡಲನಾದ ಜೆಫ್ ಆಂಡರ್ಸನ್ ಸ್ಮಿತ್‌ನ ಶಾಲಾ ಸಂಗಾತಿ, ನಟನೆಗೆ ಹೊಸಬ. ಜನರಿಲ್ಲದ ಕಾರಣ ವಾಲ್ಟ್ ಫ್ಲನಗನ್ ಎಂಬ ಒಬ್ಬನೇ ನಾಲ್ಕು ಗಿರಾಕಿಗಳಾಗಿ ಬರುತ್ತಾನೆ. ದೋಷರಹಿತವಾದ ಒಂದು ಡಜನ್ ಮೊಟ್ಟೆಗಾಗಿ ನೆಲದ ಮೇಲೆ ಕುಳಿತು ಪೆಟ್ಟಿಗೆಯ ಮೇಲೆ ಪೆಟ್ಟಿಗೆ ತೆರೆದು ಶೋಧಿಸುವ ಹುಚ್ಚನೂ ಅವನೇ. ಇವರ ಒಪ್ಪಿಸುವಿಕೆ ಯಾಂತ್ರಿಕವೆಂಬ ಟೀಕೆ ನಿಜ. ಆದರೆ ಪುಟಗಟ್ಟಲೆ ಮಾತನ್ನು ಉಸಿರು ಬಿಡದೆ ಹೇಳಬೇಕಾದ ಕಡೆ, ಭಾವಾಭಿನಯ ಬಲ್ಲವರು ಬಂದಿದ್ದರೆ ಲಯ ಕೆಡುತ್ತಿದ್ದಿತೆಂದು ನನಗೆ ತೋರುತ್ತದೆ.

ದೋಷಗಳಿಲ್ಲವೆ? ಇವೆ, ಅವು ಬೈಗುಳಗಳಲ್ಲಿಲ್ಲ. ಪ್ರೇಯಸಿಯಾದ ವೆರೊನಿಕಾ ಮನೆಯಿಂದ ಲಸಾನ್ಯ ಮಾಡಿ ತಂದು, ಕಾಲೇಜಿಗೆ ಮರಳಿ ಸೇರೆಂದು ಬುದ್ಧಿ ಹೇಳುವುದಕ್ಕೆ ಮಾತ್ರ ಇದ್ದಾಳೆ. ಹಳೆಯ ಪ್ರೇಯಸಿಯಾದ ಕೇಟ್ಲಿನ್ನಳಿಗೆ, ಕತ್ತಲೆಯ ಶೌಚಾಲಯದಲ್ಲಿ ಶವವೊಂದರಿಂದ ಒದಗುವ ಗತಿಯಂತೂ ಹಾಸ್ಯವೆಂದು ಲೇಖಕನು ಭಾವಿಸಿದನೇ ಹೊರತು, ಆ ಹೆಣ್ಣಿಗಾದ ಆಘಾತವನ್ನು ಆಂಬುಲೆನ್ಸಿನೊಳಕ್ಕೆ ತಳ್ಳಿ ಬಾಗಿಲು ಹಾಕಿಕೊಂಡನು. ಗಂಡುಗಳಿಗೆ ವಾಗ್ಮಿತೆಯನ್ನು ಧಾರಾಳವಾಗಿ ಕೊಟ್ಟ ಲೇಖನಿಯು ಅವಳಿಗೆ ಒಂದು ಪ್ರತ್ಯುತ್ತರವನ್ನೂ ಕೊಡಲಿಲ್ಲ. ಈ ಚಿತ್ರದಲ್ಲಿ ನಿಜವಾಗಿ ಒರಟಾದುದು ಯಾವುದೆಂದು ಕೇಳಿದರೆ, ನಾನು ತೋರಿಸುವುದು ಆ ಮೌನವನ್ನು.

ಲೋಕ ಇದನ್ನು ಕೈಬಿಡಲಿಲ್ಲ. ಸನ್‌ಡಾನ್ಸ್‌ನಲ್ಲಿಯೂ ಕಾನ್‌ನಲ್ಲಿಯೂ ಪ್ರಶಸ್ತಿಗಳು ಬಂದವು; ಷಿಕಾಗೋದ ವಿಮರ್ಶಕ ರೋಜರ್ ಈಬರ್ಟ್ ನಾಲ್ಕರಲ್ಲಿ ಮೂರು ನಕ್ಷತ್ರಗಳನ್ನು ಕೊಟ್ಟರು; ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಮೂವತ್ತು ಲಕ್ಷ ಡಾಲರುಗಳಿಗೂ ಮಿಗಿಲಾಗಿ ಗಳಿಕೆಯಾಯಿತು; 2019ರಲ್ಲಿ ಆ ದೇಶದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಸೇರ್ಪಡೆಯಾಯಿತು.

ಅಭಿಮಾನಿಗಳೊಳಗೂ ಒಂದು ಒಳಜಗಳವುಂಟು. ಮೊದಲ ಆವೃತ್ತಿಯಲ್ಲಿ, ದಿನದ ಕೊನೆಗೆ ಕಳ್ಳನೊಬ್ಬನು ಅಂಗಡಿಗೆ ನುಗ್ಗಿ ಡ್ಯಾಂಟೆಯನ್ನು ಗುಂಡಿಕ್ಕಿ ಕೊಂದು, ಹಣ ದೋಚಿ ಹೋಗುತ್ತಿದ್ದನು; ಹಿತೈಷಿಗಳ ಸಲಹೆಯಂತೆ ಸ್ಮಿತ್ ಅದನ್ನು ಕತ್ತರಿಸಿದನು. 2004ರ ಡಿವಿಡಿಯಲ್ಲಿ ಆ ಆವೃತ್ತಿಯೂ ಹೊರಬಂದ ಮೇಲೆ, ಅದೇ ಧೈರ್ಯದ ಮುಕ್ತಾಯವೆಂದು ವಾದಿಸುವವರು ಹುಟ್ಟಿಕೊಂಡಿದ್ದಾರೆ. ನಾನು ಕತ್ತರಿಯ ಪಕ್ಷ. ಯಾರೂ ನಿನ್ನನ್ನು ಬಲವಂತವಾಗಿ ಇಲ್ಲಿಗೆ ಕರೆತರಲಿಲ್ಲ, ಬಂದವನು ನೀನೇ, ಗುಂಡಿ ಒತ್ತುವ ಕೆಲಸಕ್ಕೆ ಇಲ್ಲದ ಮಹತ್ವವನ್ನು ಆರೋಪಿಸಿಕೊಂಡವನೂ ನೀನೇ ಎಂದು ರಾಂಡಲನು ಕಡೆಗೆ ಗೆಳೆಯನ ಮುಖಕ್ಕೆ ಹೇಳುವ ಆ ಕಠೋರವಾದ ಭಾಷಣಕ್ಕೆ ಡ್ಯಾಂಟೆ ಉತ್ತರ ಕೊಡಬೇಕಾದುದು ನಾಳೆಯ ದಿನ ತಾನೇ ಬದುಕಿದ್ದು. ಗುಂಡು ಹಾರಿಸಿದರೆ ಅವನಿಗೆ ಆ ಹೊಣೆಯೇ ತಪ್ಪಿಹೋಗುತ್ತದೆ.