ಕರಿಬೇವಿನ ಬುಡಕ್ಕೆ ಹುಳಿ ಮಜ್ಜಿಗೆ

ಜೆ.ಪಿ. ನಗರದಲ್ಲಿ ತಾರಸಿಯ ಮೇಲೆ ನಾಲ್ಕು ಕುಂಡ ಇಟ್ಟುಕೊಂಡ ಯಾರ ಹತ್ತಿರವಾದರೂ ಕರಿಬೇವು ಸೊರಗಿದೆ ಎಂದು ಹೇಳಿ ನೋಡಿ, ಸಿಗುವ ಮದ್ದು ಒಂದೇ: ಹುಳಿ ಮಜ್ಜಿಗೆ ಹಾಕಿ. ಮೊದಲನೇ ಹಂತದ ಹಳೇ ಮನೆಯ ಅಜ್ಜಿ ಹೇಳುವುದೂ ಇದನ್ನೇ, ಏಳನೇ ಹಂತದ ಅಪಾರ್ಟ್‌ಮೆಂಟಿನ ಸಾಫ್ಟ್‌ವೇರ್ ದಂಪತಿ ಹೇಳುವುದೂ ಇದನ್ನೇ. ಮಜ್ಜಿಗೆಯ ಹಿಂದೆ ದೊಡ್ಡ ಪರಿವಾರವೇ ಇದೆ. ಎರಡು ದಿನ ಹುಳಿಯಲು ಬಿಟ್ಟ ಅಕ್ಕಚ್ಚು, ದೋಸೆ ಹಿಟ್ಟಿನ ಪಾತ್ರೆ ತೊಳೆದ ನೀರು, ಜೀವಾಮೃತ, ಪಂಚಗವ್ಯ. ಈಚೆಗೆ ಪಾರ್ಟಿ ಮುಗಿದ ಮೇಲೆ ಉಳಿದ ಬಿಯರ್, ಮನೆಯಲ್ಲೇ ಭರಣಿಯಲ್ಲಿ ಮಾಡಿಕೊಂಡ ಕೊಂಬುಚ ಎಂಬ ಹುಳಿ ಚಹಾ. ಹುಳಿತದ್ದೆಲ್ಲ ಗಿಡಕ್ಕೆ ಒಳ್ಳೆಯದು ಎಂಬ ನಂಬಿಕೆ ಬಡಾವಣೆಯಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿದೆ.

ನನ್ನ ತಕರಾರು ಎರಡು. ಇವನ್ನೆಲ್ಲ ಗೊಬ್ಬರ ಎಂದು ಕರೆಯುತ್ತಿದ್ದೇವೆ, ಆದರೆ ಗೊಬ್ಬರದ ಲೆಕ್ಕ ಹಾಕುವುದಿಲ್ಲ. ಹೊಲಕ್ಕೆಂದು ಹುಟ್ಟಿದ ಪದ್ಧತಿಯನ್ನು ಹನ್ನೆರಡು ಇಂಚಿನ ಕುಂಡಕ್ಕೆ ಹಾಗೇ ತಂದು ಸುರಿಯುತ್ತಿದ್ದೇವೆ.

ಪದ್ಧತಿಯೇನೋ ಹಳೆಯದು. ಕಲ್ಯಾಣ ಚಾಲುಕ್ಯರ ದೊರೆ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆಗೇ ಒಂದು ಅಧ್ಯಾಯವಿದೆ. (ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ. ಕಾರ್ಯಾಗಾರಗಳಲ್ಲಿ ಇಬ್ಬರನ್ನೂ ಒಬ್ಬನೇ ಮಾಡಿ ಮಾತಾಡುವುದನ್ನು ಕೇಳಿ ಸಾಕಾಗಿದೆ.) ಸುರಪಾಲನ ಸಂಸ್ಕೃತ ‘ವೃಕ್ಷಾಯುರ್ವೇದ’ದಲ್ಲಿ ಬರುವ ಕುಣಪಜಲವಂತೂ ಈಗ ಸಾವಯವ ಕೃಷಿಕರ ಬಾಯಲ್ಲಿ ಸದಾ ಇರುವ ಹೆಸರು. ಅದರಲ್ಲಿ ಹಾಕುತ್ತಿದ್ದುದೇನು? ಪ್ರಾಣಿಗಳ ಮಾಂಸ, ಕೊಬ್ಬು, ಮಜ್ಜೆ, ಅವನ್ನು ಬೇಯಿಸಿದ ನೀರು, ಎಳ್ಳಿನ ಹಿಂಡಿ, ನೆನೆಸಿದ ಉದ್ದು, ಹಾಲು, ಜೇನು. ಇದೆಲ್ಲ ಮಡಕೆಯಲ್ಲಿ ಬೆಚ್ಚಗೆ ಕೂತು ಕೊಳೆಯಬೇಕು. ಹುಳಿಸುವುದಕ್ಕೆ ಮೊದಲು ಆ ಮಡಕೆಯಲ್ಲಿ ಗಿಡ ತಿನ್ನುವಂಥದ್ದು ಬೇಕಾದಷ್ಟು ಇತ್ತು. ಹುಳಿತ ಇಲ್ಲದ್ದನ್ನು ಸೃಷ್ಟಿಸುವುದಿಲ್ಲ, ಇದ್ದದ್ದನ್ನು ಬೇಗ ಒಡೆದು ಕೊಡುತ್ತದೆ ಅಷ್ಟೆ. ನಮ್ಮ ಚರ್ಚೆಯಲ್ಲಿ ಕಳೆದುಹೋಗಿರುವುದು ಈ ಮಾತೇ.

ಹಾಗಾದರೆ ಮಜ್ಜಿಗೆಯನ್ನೇ ಮೊದಲು ತೂಗೋಣ. ಅರ್ಧ ಕೆ.ಜಿ. ಮೊಸರಿನಲ್ಲಿ ಸುಮಾರು 15 ಗ್ರಾಂ ಪ್ರೋಟೀನು ಇರುತ್ತದೆ. ಹಾಲಿನ ಪ್ರೋಟೀನಿನ ತೂಕವನ್ನು 6.38ರಿಂದ ಭಾಗಿಸಿದರೆ ಸಾರಜನಕದ ತೂಕ ಸಿಗುತ್ತದೆ. ಇಲ್ಲಿ ಅದು ಎರಡೂವರೆ ಗ್ರಾಮಿಗೆ ಹತ್ತಿರ. ರಂಜಕವೂ ಪೊಟ್ಯಾಶಿಯಮ್ಮೂ ತಲಾ ಒಂದು ಗ್ರಾಂ ಕೂಡ ಇಲ್ಲ. ಬೇವಿನ ಹಿಂಡಿಯಲ್ಲಿ ನೂರಕ್ಕೆ ನಾಲ್ಕೈದು ಪಾಲು ಸಾರಜನಕ ಇರುವುದರಿಂದ ಒಂದೇ ಹಿಡಿ, ಅಂದರೆ ಐವತ್ತು ಗ್ರಾಮಿನಷ್ಟು ಹಿಂಡಿ, ಆ ಅರ್ಧ ಕೆ.ಜಿ. ಮೊಸರಿನ ಕೆಲಸ ಮಾಡಿಬಿಡುತ್ತದೆ. ಮೊಸರಿನ ಬೆಲೆಗೆ ಎಷ್ಟು ಹಿಡಿ ಹಿಂಡಿ ಬರುತ್ತದೆ ಎಂಬುದನ್ನು ಸಾರಕ್ಕಿ ಮಾರುಕಟ್ಟೆಗೆ ಹೋಗಿ ಬರುವವರು ತಾವೇ ಲೆಕ್ಕ ಹಾಕಿಕೊಳ್ಳಬಹುದು. ಗೊಬ್ಬರವಾಗಿ ಮಜ್ಜಿಗೆ ದುಬಾರಿ, ತೆಳು, ಸೋಮಾರಿ.

ಆದರೂ ಕರಿಬೇವು ಚಿಗುರುತ್ತದಲ್ಲ! ಅಜ್ಜಿಯಂದಿರು ಸುಳ್ಳು ಹೇಳುತ್ತಿಲ್ಲ. ಕಾರಣ ಹುಡುಕಬೇಕಾದದ್ದು ಮಜ್ಜಿಗೆಯಲ್ಲಲ್ಲ, ಕೊಳವೆಬಾವಿಯಲ್ಲಿ. ಕೊಳವೆಬಾವಿ ಅಥವಾ ಟ್ಯಾಂಕರ್ ನೀರು ಉಣ್ಣುವ ಮನೆಯ ಕುಂಡವೊಂದನ್ನು ಹತ್ತಿರದಿಂದ ನೋಡಿ. ಮಣ್ಣಿನ ಕುಂಡದ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟಿ, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಗಿಡದ ತುದಿಯ ಎಳೆ ಎಲೆ ಹಳದಿ, ಅದರ ನರಗಳು ಮಾತ್ರ ಹಸಿರು. ಕೆಳಗಿನ ಹಳೇ ಎಲೆ ಚೆನ್ನಾಗಿಯೇ ಇದೆ. ಇದು ಕಬ್ಬಿಣದ ಕೊರತೆಯ ಗುರುತು. ಮಣ್ಣಿನಲ್ಲಿ ಕಬ್ಬಿಣ ಇಲ್ಲದೆ ಏನಿಲ್ಲ, ನಮ್ಮ ಕೆಂಪು ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದಿಂದ. ಗಡಸು ನೀರಿನ ಬೈಕಾರ್ಬೊನೇಟು ದಿನದಿನವೂ ಬಿದ್ದು ಮಣ್ಣು ಕ್ಷಾರವಾದಾಗ ಆ ಕಬ್ಬಿಣ ಬೇರಿಗೆ ಸಿಗದ ರೂಪದಲ್ಲಿ ಕೂತುಬಿಡುತ್ತದೆ. ಚೆನ್ನಾಗಿ ಹುಳಿತ ಮೊಸರಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಲ್ಯಾಕ್ಟಿಕ್ ಆಮ್ಲ ಇರುತ್ತದೆ. ಅದು ಬೇರಿನ ಸುತ್ತಲಿನ ಕ್ಷಾರವನ್ನು ಸ್ವಲ್ಪ ಹೊತ್ತು ತಗ್ಗಿಸಿ ಕಬ್ಬಿಣವನ್ನು ಬಿಡಿಸುತ್ತದೆ. ಮಜ್ಜಿಗೆಗೆ ತುಕ್ಕು ಹಿಡಿದ ಮೊಳೆ ಹಾಕಿಡುವವರ ಉಪಾಯವೂ ಈ ದಾರಿಯದೇ, ನಗಬೇಕಾದದ್ದೇನಿಲ್ಲ.

ಅಂದಮೇಲೆ ‘ಹುಳಿ’ ಎಂದು ಅಜ್ಜಿ ಒತ್ತಿ ಹೇಳುವುದರಲ್ಲೇ ಮದ್ದಿನ ಜೀವ ಇದೆ. ಆಗತಾನೆ ಕಡೆದ ಸಿಹಿ ಮಜ್ಜಿಗೆಯಿಂದ ಈ ಕೆಲಸ ಆಗದು. ಕಾವೇರಿ ನೀರೇ ಬೀಳುವ ಕುಂಡದಲ್ಲಿ ಹುಳಿ ಮಜ್ಜಿಗೆಗೂ ಹೆಚ್ಚು ಕೆಲಸವಿಲ್ಲ, ಆ ನೀರು ಅಷ್ಟು ಗಡಸಲ್ಲ. ಗಡಸು ನೀರಿನ ಕುಂಡದಲ್ಲೂ ಲಾಭ ಕೆಲವು ದಿನದ್ದು. ಮಣ್ಣಿನ ಸೂಕ್ಷ್ಮಜೀವಿಗಳು ಆ ಆಮ್ಲವನ್ನು ತಿಂದು ಮುಗಿಸುತ್ತವೆ, ಮರುದಿನ ನಲ್ಲಿಯಿಂದ ಮತ್ತೆ ಅದೇ ನೀರು ಬರುತ್ತದೆ. ಅದಕ್ಕೇ ಮಜ್ಜಿಗೆ ನಿಲ್ಲಿಸಿದ ಮನೆಯಲ್ಲಿ ಕರಿಬೇವು ಮತ್ತೆ ಹಳದಿ. ಗ್ರಂಧಿಗೆ ಅಂಗಡಿಯ ಅನ್ನಭೇದಿಯನ್ನು ಲೀಟರಿಗೆ ಎರಡು ಗ್ರಾಮಿನಂತೆ ಕರಗಿಸಿ, ನಿಂಬೆ ಹುಳಿ ನಾಲ್ಕು ಹನಿ ಹಿಂಡಿ, ಸಂಜೆ ಎಲೆಗೆ ಸಿಂಪಡಿಸಿದರೆ ಇದೇ ಕೆಲಸ ನೇರವಾಗಿ ಆಗುತ್ತದೆ. ಮಳೆಗಾಲದಲ್ಲಿ ತಾರಸಿಯ ನೀರು ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ. ಪ್ಯಾಕೆಟ್ಟಿನಲ್ಲಿ ಬರುವ ಮಸಾಲೆ ಮಜ್ಜಿಗೆಯಲ್ಲಿ ಉಪ್ಪಿರುತ್ತದೆ. ನೆಲಕ್ಕೆ ಬಿದ್ದ ಉಪ್ಪು ಮಳೆಗೆ ತೊಳೆದುಹೋದೀತು, ಕುಂಡಕ್ಕೆ ಬಿದ್ದದ್ದು ಅಲ್ಲೇ ಕೂರುತ್ತದೆ. ಮನೆಯ ನೀರು ಮಜ್ಜಿಗೆಗೂ ಇದೇ ಮಾತು: ಒಗ್ಗರಣೆ, ಉಪ್ಪು ಬೀಳುವ ಮುಂಚೆ ಗಿಡದ ಪಾಲು ತೆಗೆದಿಡಬೇಕು. ಕೆನೆ ಇದ್ದರೆ ಮಣ್ಣಿನ ಮೇಲೆ ಜಿಡ್ಡು ಕಟ್ಟಿ ನಾಲ್ಕನೇ ದಿನಕ್ಕೆ ಇರುವೆ, ನೊಣ, ವಾಸನೆ. ಆಮೇಲೆ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನಿಂದ ಸುತ್ತೋಲೆ.

ಹಾಲಿನ ವರ್ಗಕ್ಕೆ ನಿಜವಾದ ಪ್ರಮಾಣಪತ್ರ ಸಿಕ್ಕಿರುವುದು ಬೇರೊಂದು ಕೆಲಸಕ್ಕೆ. ಬ್ರೆಜಿಲ್‌ನ ವ್ಯಾಗ್ನರ್ ಬೆಟ್ಟಿಯೋಲ್ ಹಸಿರುಮನೆಯ ಜುಕಿನಿ ಗಿಡಗಳಿಗೆ ನೀರು ಬೆರೆಸಿದ ಹಸುವಿನ ಹಾಲು ಸಿಂಪಡಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ ಹತ್ತು ಪಾಲು ಅಥವಾ ಹೆಚ್ಚು ಹಾಲು ಬೆರೆಸಿ ವಾರಕ್ಕೊಮ್ಮೆ ಹೊಡೆದಾಗ ಬೂದಿ ರೋಗ ಶಿಲೀಂಧ್ರನಾಶಕ ಹೊಡೆದಷ್ಟೇ ಹತೋಟಿಗೆ ಬಂತು. ಬೆಂಗಳೂರಿನ ಚಳಿಗಾಲದಲ್ಲಿ ಗುಲಾಬಿ, ಬೆಂಡೆ, ಸೌತೆಯ ಎಲೆಗಳ ಮೇಲೆ ವಿಭೂತಿ ಬಳಿದಂತೆ ಕೂರುವುದು ಇದೇ ಜಾತಿಯ ರೋಗ. ಬೆಟ್ಟಿಯೋಲ್ ಬಳಸಿದ್ದು ಹಸಿ ಹಾಲು, ಹುಳಿತ ಮಜ್ಜಿಗೆಯಲ್ಲ. ಬೂದಿ ಕಾಣಿಸಿದ ಮೊದಲ ವಾರದಲ್ಲೇ, ಬಿಸಿಲಿರುವಾಗ ತೆಳ್ಳಗೆ ಸಿಂಪಡಿಸುವುದು ಮಾಡಿ ನೋಡಬಹುದಾದ ಉಪಾಯ. ಹುಳಿಸುವುದೇ ಎಲ್ಲಕ್ಕೂ ಮದ್ದು ಎನ್ನುವವರಿಗೆ ಇದು ಸ್ವಲ್ಪ ಇರುಸುಮುರುಸು.

ಇನ್ನು ಜೀವಾಮೃತ. ಸುಭಾಷ್ ಪಾಳೇಕರ್ ಹೇಳಿಕೊಟ್ಟ ಸೂತ್ರ ರೈತ ಸಂಘದ ಶಿಬಿರಗಳ ಮೂಲಕ ಕರ್ನಾಟಕದ ಹಳ್ಳಿ ಹಳ್ಳಿಗೆ ಹೋಯಿತು: 200 ಲೀಟರ್ ನೀರು, ಹತ್ತು ಕೆ.ಜಿ. ನಾಟಿ ಹಸುವಿನ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡೆರಡು ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. 48 ಗಂಟೆ ನೆರಳಲ್ಲಿಟ್ಟು ದಿನಕ್ಕೆರಡು ಸಲ ತಿರುವಿದರೆ ಒಂದು ಎಕರೆಗೆ ಸಾಕು. ಆ ಡ್ರಮ್ಮಿನಲ್ಲಿರುವ ಸಾರಜನಕವನ್ನೆಲ್ಲ ಧಾರಾಳವಾಗಿ ಕೂಡಿಸಿದರೂ 200 ಗ್ರಾಂ ಆಸುಪಾಸು, ಲೀಟರಿಗೆ ಒಂದು ಗ್ರಾಂ. ಎಕರೆ ರಾಗಿ ನೆಲದಿಂದ ಎತ್ತಿಕೊಳ್ಳುವುದು ಕಿಲೋಗಟ್ಟಲೆ. ಪಾಳೇಕರರ ವಾದದಲ್ಲೂ ಇದು ಗೊಬ್ಬರವಲ್ಲ, ಹೆಪ್ಪು. ಮಣ್ಣಿನಲ್ಲಿ ಆಗಲೇ ಇರುವ ಪೋಷಕಾಂಶವನ್ನು ಸೂಕ್ಷ್ಮಜೀವಿಗಳು ಬಿಡಿಸಿಕೊಡಲಿ ಎಂದು ಹಾಕುವುದು. ಅದಕ್ಕೆ ಜೊತೆಯಾಗಿ ಹೊದಿಕೆ ಬೇಕು, ಬೆಳೆ ಉಳಿಕೆ ಬೇಕು, ಮಿಶ್ರ ಬೆಳೆ ಬೇಕು ಎಂದು ಅವರು ಹೇಳುತ್ತಲೇ ಬಂದಿದ್ದಾರೆ. ಹೊಲದ ಮಟ್ಟದಲ್ಲೇ ಈ ವಾದ ಇನ್ನೂ ಇತ್ಯರ್ಥವಾಗಿಲ್ಲ. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2019ರ ಕೇಂದ್ರ ಬಜೆಟ್ಟಿನಲ್ಲಿ ಶೂನ್ಯ ಬಂಡವಾಳ ಕೃಷಿಯ ಪ್ರಸ್ತಾಪ ಬಂತು, ಅದೇ ವರ್ಷ ರಾಷ್ಟ್ರೀಯ ಕೃಷಿ ವಿಜ್ಞಾನಗಳ ಅಕಾಡೆಮಿ ಇದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು ಆಕ್ಷೇಪ ಎತ್ತಿತು.

ಈಗ ಆ ಡ್ರಮ್ಮನ್ನು ಲಿಫ್ಟಿನಲ್ಲಿ ತಾರಸಿಗೆ ಏರಿಸಿ. ಭಾರ ಆಗಬಾರದೆಂದು ನಮ್ಮ ಕುಂಡಗಳಲ್ಲಿ ಅರ್ಧಕ್ಕರ್ಧ ತೆಂಗಿನ ನಾರಿನ ಪುಡಿ. ಅದರಲ್ಲಿ ಇಂಗಾಲ ಬೇಕಾದಷ್ಟಿದೆ, ಸಾರಜನಕ ಹೆಸರಿಗೆ ಮಾತ್ರ. ಬಿಡಿಸಿಕೊಡಲು ಒಳಗೆ ಕಲ್ಲೂ ಇಲ್ಲ, ಆಳದ ಮಣ್ಣೂ ಇಲ್ಲ. ಬೆಲ್ಲದ ನೀರು ಬಿದ್ದ ಕೂಡಲೇ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ, ಮೈ ಕಟ್ಟಿಕೊಳ್ಳಲು ಇದ್ದಬದ್ದ ಸಾರಜನಕವನ್ನು ತಾವೇ ಹಿಡಿದುಕೊಳ್ಳುತ್ತವೆ, ಗಿಡ ಒಂದಷ್ಟು ದಿನ ಉಪವಾಸ. ಎರೆಗೊಬ್ಬರ, ಹಿಂಡಿ, ಮನೆಯ ಕಾಂಪೋಸ್ಟು ತುಂಬಿದ ಕುಂಡಕ್ಕೆ ಜೀವಾಮೃತ ಹಾಕಿ ಬದನೆ ಚೆನ್ನಾಗಿ ಬಂದರೆ ಕೀರ್ತಿ ಯಾರದು? ಸ್ವಿಟ್ಜರ್ಲೆಂಡಿನಲ್ಲಿ ಈ ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದಾರೆ. ಜಪಾನಿನ ತೆರುವೊ ಹಿಗಾ ರೂಪಿಸಿದ ‘ಇ.ಎಂ.’ ದ್ರಾವಣವೂ ಲ್ಯಾಕ್ಟಿಕ್ ಬ್ಯಾಕ್ಟೀರಿಯ, ಯೀಸ್ಟುಗಳ ಹುಳಿತವೇ. ಜ್ಯೂರಿಕ್ ಬಳಿ 2003ರಿಂದ 2006ರ ತನಕ ಒಂದೆಡೆ ಜೀವಂತ ದ್ರಾವಣ, ಇನ್ನೊಂದೆಡೆ ಕಾಯಿಸಿ ಸೂಕ್ಷ್ಮಜೀವಿಗಳನ್ನೆಲ್ಲ ಕೊಂದ ಅದೇ ದ್ರಾವಣ ಹಾಕಿ ಬೆಳೆ ನೋಡಿದರು. ಎರಡರ ನಡುವೆ ವ್ಯತ್ಯಾಸ ಸಿಗಲಿಲ್ಲ. ಕಂಡ ಅಲ್ಪ ಲಾಭ ಅದರ ಜೊತೆ ಹೋದ ತವುಡು, ಕಾಕಂಬಿಯಂಥ ಸಾಮಗ್ರಿಯದು. ನಮ್ಮ ತಾರಸಿ ಕೂಟಗಳಲ್ಲಿ ಇಂಥ ಹೋಲಿಕೆಯ ಕುಂಡ ಇಡುವ ಅಭ್ಯಾಸವೇ ಇಲ್ಲ. ಇದೇ ನನಗೆ ಬೇಸರದ ಸಂಗತಿ, ಏಕೆಂದರೆ ಅದಕ್ಕೆ ಖರ್ಚೇನೂ ಇಲ್ಲ: ಒಂದೇ ದಿನ ನೆಟ್ಟ ಎರಡು ಟೊಮೆಟೊ, ಒಂದಕ್ಕೆ ಹಸಿ ಜೀವಾಮೃತ, ಇನ್ನೊಂದಕ್ಕೆ ಕುದಿಸಿ ಆರಿಸಿದ್ದು.

ಹಸಿಯಾಗಿ ತಿನ್ನುವ ಸೊಪ್ಪಿನ ವಿಷಯದಲ್ಲಿ ಮಾತ್ರ ನನಗೆ ರಾಜಿಯಿಲ್ಲ. ಸಗಣಿಯಲ್ಲಿ ಇ. ಕೋಲಿ ಇರಬಹುದು, ಬೆಲ್ಲ ಅದಕ್ಕೂ ಆಹಾರವೇ. ಕೋಸಂಬರಿಯ ಮೇಲೆ ಉದುರಿಸುವ ಕೊತ್ತಂಬರಿಗೆ, ಚಟ್ನಿಯ ಪುದೀನಕ್ಕೆ ಜೀವಾಮೃತ, ಪಂಚಗವ್ಯ ಸಿಂಪಡಿಸುವುದು ಬೇಡ. ಹಾಕಲೇಬೇಕೆಂದರೆ ದಾಸವಾಳಕ್ಕೆ, ನಿಂಬೆಗೆ, ಬುಡಕ್ಕೆ.

ಬಿಯರಿನ ವಿಚಾರ ಬೇಗ ಮುಗಿಯುತ್ತದೆ. 650 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಸಾರಜನಕ ಅರ್ಧ ಗ್ರಾಂ ಇದ್ದರೆ ಹೆಚ್ಚು, ಎರಡು ಚಮಚ ಬೇವಿನ ಹಿಂಡಿಗೆ ಸಮ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಮಿಲ್ಲರ್ 2006ರಲ್ಲಿ ತೋರಿಸಿದ್ದು ಬಿಯರ್ ಗಿಡ ಬೆಳೆಸುತ್ತದೆ ಎಂಬ ನಂಬಿಕೆಗೆ ತದ್ವಿರುದ್ಧ: ನೂರಕ್ಕೆ ನಾಲ್ಕೈದು ಪಾಲು ಆಲ್ಕೋಹಾಲಿದ್ದ ನೀರು ಕುಡಿಸಿದ ನರ್ಗಿಸ್ ಗಿಡಗಳು ಮೂರನೇ ಒಂದು ಪಾಲಿನಷ್ಟು ಗಿಡ್ಡವಾದವು. ಅವರಿಗೆ ಬೇಕಿದ್ದುದೂ ಅದೇ, ಉದ್ದ ಬೆಳೆದು ಬೀಳದಿರಲಿ ಎಂದು. ನಮ್ಮಲ್ಲಿ ಹೆಚ್ಚು ಖರ್ಚಾಗುವ ಸ್ಟ್ರಾಂಗ್ ಬಿಯರಿನಲ್ಲಿ ಆಲ್ಕೋಹಾಲು ಅದಕ್ಕಿಂತ ಜಾಸ್ತಿ. ಬಿಯರಿಗೆ ತೋಟದಲ್ಲಿ ಒಂದೇ ಒಂದು ಉದ್ಯೋಗ ಇದೆ: ಮಳೆಗಾಲದ ರಾತ್ರಿ ತಗ್ಗು ತಟ್ಟೆಯಲ್ಲಿ ಹಾಕಿ ಮಣ್ಣಿನ ಮಟ್ಟಕ್ಕೆ ಹುಗಿದಿಟ್ಟರೆ ಯೀಸ್ಟಿನ ವಾಸನೆಗೆ ಚಿಪ್ಪಿಲ್ಲದ ಬಸವನಹುಳುಗಳು ಬಂದು ಬಿದ್ದು ಸಾಯುತ್ತವೆ. ಬಿಯರ್ ತಯಾರಿಸಿದ ಮೇಲೆ ಉಳಿಯುವ ಮಾಲ್ಟ್ ಚರಟದ ಕಥೆ ಬೇರೆ. ಪ್ರೋಟೀನು ಉಳಿದಿರುವುದು ಅದರಲ್ಲಿ. ಬೆಂಗಳೂರಿನ ಸುತ್ತಲಿನ ಹೈನುಗಾರರು ಅದನ್ನು ದನಕ್ಕೆ ಕೊಂಡೊಯ್ಯುವುದು ಸುಮ್ಮನೆ ಅಲ್ಲ. ಕೊಂಬುಚಕ್ಕೆ ಬಿಯರಿನಷ್ಟೂ ಗೌರವ ಸಲ್ಲದು. ಅದರಲ್ಲಿರುವುದು ಸಕ್ಕರೆ ಮತ್ತು ಹುಳಿ, ಬರುವವು ಹಣ್ಣಿನ ನೊಣ.

ದೋಸೆ ಹಿಟ್ಟಿನ ಪಾತ್ರೆ ತೊಳೆದ ನೀರಿನ ಬಗ್ಗೆ ನನಗೆ ಮೃದು ಭಾವನೆ ಇದೆ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದಾಗ ಬಡಾವಣೆಯ ಗಿಡಗಳು ಬದುಕಿದ್ದು ಇಂಥ ನೀರಿನಲ್ಲೇ. ಅಕ್ಕಚ್ಚು, ತರಕಾರಿ ತೊಳೆದದ್ದು, ಮೊಸರಿನ ಪಾತ್ರೆ ಗಲಬರಿಸಿದ್ದು. ಹಿಂದೆ ದನದ ಕಲಗಚ್ಚಿಗೆ ಹೋಗುತ್ತಿದ್ದುದು ಈಗ ಕುಂಡಕ್ಕೆ. ಅದರಲ್ಲಿ ಗೊಬ್ಬರ ಎಷ್ಟಿದೆ ಎಂದು ಯಾರೂ ಕೇಳಬೇಕಾಗಿಲ್ಲ, ಅದು ನೀರಿನ ಲೆಕ್ಕಕ್ಕೆ ಸೇರಿದ್ದು.

ಲೆಕ್ಕ ಕೇಳಬೇಕಾದದ್ದು ನರ್ಸರಿಗಳ ಕಪಾಟಿನಲ್ಲಿ ಸಾಲಾಗಿ ನಿಂತಿರುವ ಜೀವಾಮೃತದ ಬಾಟಲಿಗಳನ್ನು. ಮಾಡಿದ ಒಂದೆರಡು ವಾರದೊಳಗೆ ಬಳಸಿ ಮುಗಿಸಬೇಕಾದ, ಗಾಳಿ ಆಡುವಂತೆ ಗೋಣಿಚೀಲ ಮುಚ್ಚಿಡಬೇಕಾದ ದ್ರವ್ಯ ಅಲ್ಲಿ ಬಿಗಿಯಾದ ಮುಚ್ಚಳದೊಳಗೆ ತಿಂಗಳುಗಟ್ಟಲೆ ಕೂತಿದೆ. ಹುಳಿತ ನಡೆಯುತ್ತಲೇ ಇದ್ದರೆ ಬಾಟಲಿ ಉಬ್ಬಬೇಕು. ಉಬ್ಬಿಲ್ಲವೆಂದರೆ ಒಳಗೆ ಕೆಲಸ ನಿಂತಿದೆ. ಲೇಬಲ್ಲಿನಲ್ಲಿ ಹಸುವಿನ ಚಿತ್ರ ಇರುತ್ತದೆ, ತಯಾರಾದ ತಾರೀಖು ಹುಡುಕಿದರೂ ಸಿಗುವುದಿಲ್ಲ.