ಸಂಧಿವಾತ ರೋಗಿಗಳ ಔಷಧಸೇವನೆ: ಎರಡು ಬರಹಗಳ ವಿಮರ್ಶೆ

ದೀರ್ಘಕಾಲದ ವ್ಯಾಧಿಗಳಲ್ಲಿ ವೈದ್ಯರು ವಿಧಿಸಿದ ಔಷಧವನ್ನು ರೋಗಿಗಳು ನಡುವೆಯೇ ಬಿಡುವುದೇಕೆ, ಬಿಡದೆ ಮುಂದುವರಿಸಲು ಅವರಿಗೆ ನೆರವಾಗತಕ್ಕದ್ದು ಯಾವುದು ಎಂಬ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದುದೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಈ ಪ್ರಶ್ನೆಯನ್ನು ಕೇಳುತ್ತ ಬಂದ ರೀತಿಗೂ ಆ ಔಷಧಗಳಿಗೂ ಒಂದು ಚರಿತ್ರೆಯುಂಟು. ಅದನ್ನು ಮರೆತರೆ ದೊರೆಯುವ ಉತ್ತರವೂ ಅಪೂರ್ಣವಾಗುತ್ತದೆ. ಕೀಲುಗಳನ್ನು ಊದಿಸಿ ಸವೆಯಿಸುವ ಸಂಧಿವಾತವನ್ನು ನಿದರ್ಶನವಾಗಿಟ್ಟುಕೊಂಡು, ಈ ವಿಷಯವನ್ನು ಕುರಿತ ಎರಡು ಬರಹಗಳನ್ನು ನಾವು ಇಲ್ಲಿ ಪರಿಶೀಲಿಸಿದ್ದೇವೆ. ಮೊದಲನೆಯದು, 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ವರದಿ. ಎರಡನೆಯದು, ಸಂಧಿವಾತ ತಜ್ಞರ ಯೂರೋಪಿನ ಒಕ್ಕೂಟವಾದ ಯೂಲಾರ್ 2020ರಲ್ಲಿ ಪ್ರಕಟಿಸಿದ ಸೂಚನೆಗಳು.

1970ರ ದಶಕದಲ್ಲಿ ಹೇನ್ಸ್ ಮತ್ತು ಸ್ಯಾಕೆಟ್ ಎಂಬ ವಿದ್ವಾಂಸರು ಈ ವಿಷಯವನ್ನು ಶಾಸ್ತ್ರೀಯ ಅಧ್ಯಯನಕ್ಕೆ ತಂದಾಗ ಬಳಸಿದ ಪದ ‘ಕಂಪ್ಲಯನ್ಸ್’. ಹೇಳಿದಂತೆ ನಡೆಯುವುದು ಎಂಬುದೇ ಅದರ ಸಾಮಾನ್ಯಾರ್ಥ. ಪದವು ಹಾಗಿರುವಾಗ, ಔಷಧ ಬಿಟ್ಟ ರೋಗಿಯು ಆಜ್ಞೆ ಮೀರಿದವನೆಂಬ ಭಾವನೆ ತಾನಾಗಿಯೇ ಹುಟ್ಟುತ್ತದೆ. 2003ರ ವರದಿಯು ಇದನ್ನು ಕೈಬಿಟ್ಟು, ರೋಗಿಯು ತಾನು ಒಪ್ಪಿಕೊಂಡ ಸಲಹೆಯಂತೆ ನಡೆಯುವುದನ್ನು ‘ಅಡ್ಹಿಯರೆನ್ಸ್’ ಎಂದು ಕರೆಯಿತು. ಒಪ್ಪಿಗೆಯೆಂಬ ಒಂದು ಮಾತು ಸೇರಿದುದರಿಂದ ಹೊಣೆಯು ಇಬ್ಬರಿಗೂ ಹಂಚಿಹೋಯಿತು. ಮೇಲಾಗಿ ಕಾರಣಗಳನ್ನು ಅದು ಐದು ವರ್ಗಗಳಾಗಿ ವಿಂಗಡಿಸಿತು: ಸಾಮಾಜಿಕ ಹಾಗೂ ಆರ್ಥಿಕ ಸ್ಥಿತಿ, ಚಿಕಿತ್ಸಾವ್ಯವಸ್ಥೆ, ರೋಗ, ಔಷಧಕ್ರಮ, ರೋಗಿ. ಈ ಐದರಲ್ಲಿ ರೋಗಿಯು ಒಬ್ಬ ಮಾತ್ರ ಎಂಬುದನ್ನು ವಾಚಕರು ಗಮನಿಸಬೇಕು. ಇದು ಆ ವರದಿಯ ದೊಡ್ಡ ಗುಣ.

ಆದರೆ ಅದರಲ್ಲಿ ಒಂದು ಕೊರತೆಯೂ ಉಂಟು. ಮುಂದುವರಿದ ದೇಶಗಳಲ್ಲಿಯೂ ಔಷಧಪಾಲನೆ ಸರಾಸರಿ ನೂರಕ್ಕೆ 50ರಷ್ಟೇ ಎಂಬ ಅದರ ಅಂಕಿಯು ಎಲ್ಲೆಡೆಯೂ ಉದ್ಧೃತವಾಗುತ್ತಿದೆ. ಅಸ್ತಮಾ, ಮಧುಮೇಹ, ಕ್ಷಯ ಮೊದಲಾದ ಒಂಬತ್ತು ವಿಷಯಗಳಿಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯಗಳಿವೆ, ಸಂಧಿವಾತಕ್ಕೆ ಇಲ್ಲ. ಸರಾಸರಿಯೊಂದು ಪ್ರತಿಯೊಂದು ರೋಗದ ಸ್ವಭಾವವನ್ನೂ ತಿಳಿಸಲಾರದು. ಸಂಧಿವಾತದಲ್ಲಿ ಮುಖ್ಯವಾಗಿ ಬಳಸುವ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ತಪ್ಪಿ ದಿನವೂ ಸೇವಿಸಿದರೆ ಪ್ರಾಣಕ್ಕೇ ಅಪಾಯ. ಅದರ ಗುಣ ತೋರಲು ಹಲವು ವಾರಗಳು ಬೇಕು. ವಾಕರಿಕೆಯಾದರೋ ಮರುದಿನವೇ ಬರಬಹುದು. ಔಷಧ ಬಿಟ್ಟ ಕೂಡಲೇ ನೋವು ಮರಳುವುದೂ ಇಲ್ಲ. ಹೀಗೆ ಕಷ್ಟ ಮೊದಲು, ಸುಖ ಅನಂತರ, ಬಿಟ್ಟದ್ದರ ಫಲ ಇನ್ನೂ ಅನಂತರ. ಅಷ್ಟರಲ್ಲಿ ಸವೆದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ.

ರೋಗಿಗಳ ಭಯಕ್ಕೂ ಪೂರ್ವಚರಿತ್ರೆಯುಂಟು. 1948ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಹೆಂಚ್ ಮತ್ತು ಅವರ ಸಹೋದ್ಯೋಗಿಗಳು ಕಾರ್ಟಿಸೋನನ್ನು ಪ್ರಯೋಗಿಸಿದಾಗ ನಡೆಯಲಾರದವರು ಕೆಲವೇ ದಿನಗಳಲ್ಲಿ ನಡೆದರು. 1950ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಆದರೆ ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಸೇವಿಸಿದವರ ಮುಖ ಊದಿತು, ಮೂಳೆಗಳು ಬಲಗುಂದಿದವು. ಮೆಥೊಟ್ರೆಕ್ಸೇಟ್ ಭೀಮವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಲೆಡರ್ಲೆ ಪ್ರಯೋಗಶಾಲೆಯಲ್ಲಿ ನಡೆದ ಸಂಶೋಧನೆಯ ಫಲ. ಅದು ಮೊದಲು ಬಂದುದು ಕ್ಯಾನ್ಸರಿನ ಚಿಕಿತ್ಸೆಗೆ. ಸಂಧಿವಾತಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತುದು 1988ರಲ್ಲಿ. ‘ಇದು ಕ್ಯಾನ್ಸರಿನ ಔಷಧವಲ್ಲವೆ?’ ಎಂದು ಅಂಜುವ ರೋಗಿಯ ಮಾತು ಅಜ್ಞಾನದ್ದೆನ್ನಲಾಗದು. ಅದು ಚರಿತ್ರೆಯ ಅರ್ಧಭಾಗ. ಸಂಧಿವಾತದಲ್ಲಿ ಕೊಡುವ ಪ್ರಮಾಣ ಬಹಳ ಕಡಮೆಯೆಂಬ ಉಳಿದರ್ಧವನ್ನು ಹೇಳಬೇಕಾದುದು ವೈದ್ಯರ ಕರ್ತವ್ಯ. 1999ರಲ್ಲಿ ಹಾರ್ನ್ ಮತ್ತು ವೈನ್‌ಮನ್ ರಚಿಸಿದ ಪ್ರಶ್ನಾವಳಿಯೂ ಇದನ್ನೇ ತೂಗುತ್ತದೆ: ಔಷಧ ಬೇಕೆಂಬ ನಂಬಿಕೆ ಒಂದು ತಟ್ಟೆಯಲ್ಲಿ, ಅದರ ಭಯ ಇನ್ನೊಂದರಲ್ಲಿ.

ಯೂಲಾರ್ ಸೂಚನೆಗಳು ಈ ದಿಕ್ಕಿನಲ್ಲಿ ಮುಂದೆ ಹೋಗಿವೆ. ಔಷಧಪಾಲನೆಯನ್ನು ಚಿಕಿತ್ಸಕರೆಲ್ಲರೂ ತಮ್ಮ ಹೊಣೆಯೆಂದು ತಿಳಿಯಬೇಕು. ಆಗಾಗ್ಗೆ ಮುಕ್ತವಾಗಿ ವಿಚಾರಿಸಬೇಕು. ನಿರ್ಧಾರವು ಇಬ್ಬರೂ ಕೂಡಿ ಮಾಡಿದ್ದಾಗಿರಬೇಕು. ಅಡ್ಡಿ ಯಾವುದೋ ಅದಕ್ಕೆ ತಕ್ಕ ಪರಿಹಾರ ಬೇಕು ಎಂಬ ಅವುಗಳ ಸಾರವನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೂ ಅವುಗಳ ಒತ್ತೆಲ್ಲ ವೈದ್ಯ-ರೋಗಿಗಳ ಭೇಟಿಯ ಮೇಲೆಯೇ ಇದೆ. ಅದೇ 2020ರಲ್ಲಿ ಕೋವಿಡ್ ಪಿಡುಗಿನ ಭಯದಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ನಿಗೆ ಎಲ್ಲೆಡೆ ಬೇಡಿಕೆ ಏರಿ, ಅದನ್ನೇ ನಂಬಿದ್ದ ಲೂಪಸ್ ಮತ್ತು ಸಂಧಿವಾತದ ರೋಗಿಗಳಿಗೆ ಹಲವು ದೇಶಗಳಲ್ಲಿ ಅದು ಸಿಗದಾಯಿತು. ಆ ಮಾರ್ಚಿಯಲ್ಲಿ ಭಾರತ ಸರಕಾರ ಅದರ ರಫ್ತನ್ನು ನಿರ್ಬಂಧಿಸಿತು. ಆಗ ಔಷಧ ನಿಂತುದು ಯಾರ ಅವಿಧೇಯತೆಯಿಂದ? ಅಂಗಡಿಯಲ್ಲಿ ಇಲ್ಲದ ಮಾತ್ರೆಯನ್ನು ಯಾವ ಸಂಭಾಷಣೆಯೂ ತಂದುಕೊಡಲಾರದು.

ಇಲ್ಲಿ ಒಂದು ಆಕ್ಷೇಪ ಬರಬಹುದು: ಮರೆವಿನಿಂದ ತಪ್ಪಿಸುವವರಿಲ್ಲವೆ? ಇದ್ದಾರೆ. ವಾರದ ಒಂದು ದಿನವನ್ನು ಗೊತ್ತುಮಾಡಿ ಚೀಟಿಯಲ್ಲಿ ಬರೆದುಕೊಡುವುದು ಅಂಥವರಿಗೆ ನೆರವಾದೀತು. ವಾಕರಿಕೆಗೆ ಅಂಜುವವರಿಗೆ ಬೇಕಾದುದು ಬೇರೆ: ಫೋಲಿಕ್ ಆಮ್ಲದ ಮಾತ್ರೆ ಅದನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆ. ಹಣವಿಲ್ಲದವರಿಗೆ ಉಪದೇಶದಿಂದ ಪ್ರಯೋಜನವಿಲ್ಲ. 2014ರ ಕಾಕ್ರೇನ್ ಸಮೀಕ್ಷೆ 182 ಪ್ರಯೋಗಗಳನ್ನು ಪರಿಶೀಲಿಸಿಯೂ ಎಲ್ಲೆಡೆ ಸಲ್ಲುವ ಒಂದೇ ಉಪಾಯವನ್ನು ಕಾಣಲಿಲ್ಲವೆಂಬುದು ಈ ದೃಷ್ಟಿಯಿಂದ ಆಶ್ಚರ್ಯವಲ್ಲ.

ಶಾಸನವೊಂದು ಒಡೆದಿದ್ದರೆ ಇತಿಹಾಸಕಾರನು ಕಲ್ಲನ್ನು ದೂಷಿಸುವುದಿಲ್ಲ. ಒಡೆದುದು ಹೇಗೆಂದು ವಿಚಾರಿಸುತ್ತಾನೆ. ಔಷಧ ನಿಲ್ಲಿಸಿದ ರೋಗಿಯ ವಿಷಯದಲ್ಲಿಯೂ ಮೊದಲು ಆಗಬೇಕಾದುದು ಅದೇ ವಿಚಾರಣೆ. 2003ರ ವರದಿಯ ಐದು ಕಾರಣಗಳನ್ನೂ ಯೂಲಾರ್ ಬೋಧಿಸಿದ ಮುಕ್ತ ಪ್ರಶ್ನೆಯನ್ನೂ ಒಟ್ಟಿಗೆ ಓದಿದಾಗ ಮಾತ್ರ ಎರಡೂ ಸಾರ್ಥಕವಾಗುತ್ತವೆಂಬುದು ನಮ್ಮ ಅಭಿಪ್ರಾಯ.